ಹೊಟ್ಟೆಯೊಳಗಿನ ಊರು

ಡಬ್ಬಿ ತೊಡೆಯ ಮೇಲೆ ಬೆಚ್ಚಗಿತ್ತು. ಡಬ್ಬಿಯ ಬಿಸಿ ತೊಡೆಗೆ ಹತ್ತಿತ್ತೋ ತೊಡೆಯ ಬಿಸಿ ಡಬ್ಬಿಗೆ ಹತ್ತಿತ್ತೋ ಶೈಲಜಾಳಿಗೆ ತಿಳಿಯಲಿಲ್ಲ. ಬೈಲಹೊಂಗಲದಿಂದ ಸವದತ್ತಿಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಬದಿಗೆ ಅವಳು ಮೈಯನ್ನು ಮಡಚಿಟ್ಟುಕೊಂಡು ಕುಳಿತಿದ್ದಳು. ಮೊಳಕೈ ಹೊಟ್ಟೆಗೆ ಒತ್ತಿ, ಉಸಿರನ್ನು ಅರ್ಧಕ್ಕೆ ಹಿಡಿದು, ಒಂದು ತೊಡೆಯನ್ನು ಬಸ್ಸಿನ ತಗಡಿಗೆ ತಾಗಿಸಿ ಪಕ್ಕದವರಿಗೆ ಜಾಗ ಉಳಿಸಿಕೊಡುವುದು ಅವಳು ಸಾಲಿಗೆ ಹೋಗುವಾಗಲೇ ಕಲಿತ ವಿದ್ಯೆ. ಪಕ್ಕದಲ್ಲಿ ಕುಳಿತಿದ್ದ ಮುದುಕಿ ಮಾತ್ರ ಆ ಉಳಿದ ಜಾಗವನ್ನು ಲೆಕ್ಕಕ್ಕೇ ಹಿಡಿಯದೆ ಇನ್ನಷ್ಟು ಹತ್ತಿರ ಸರಿದು, "ಯಾಕ ಹಂಗ ಮುದುಡಿಕೊಂಡ ಕುಂತೀ ತಂಗಿ, ಥಂಡಿ ಹತ್ತೇತೇನು? ಇತ್ತ ಬಾ, ಗಾದಿಯಂಗ ಬೆಚ್ಚಗದಿ ನೀ," ಎಂದು ಅವಳ ತೋಳಿಗೆ ತಲೆಯಾನಿಸಿ ಮುರಗೋಡ ಬರುವುದರೊಳಗೆ ನಿದ್ದೆ ಹೋದಳು. ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ಶೈಲಜಾ ತಿರುಗಿ ನೋಡಲಿಲ್ಲ. ಕಿಟಕಿಯಾಚೆ ಕಡಲೆ ಕಿತ್ತ ಕರಿ ಹೊಲಗಳು, ಅಲ್ಲಲ್ಲಿ ಹಳದಿ ಕುಸುಬಿ, ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಮುದುಕಿಯ ತಲೆ ಜಾರದಿರಲೆಂದು ತೋಳನ್ನು ಅಲುಗಾಡಿಸದೆ ಇಟ್ಟುಕೊಂಡಳು. ಇನ್ನೊಂದು ಕೈಯಲ್ಲಿ ಡಬ್ಬಿ. ಅದನ್ನೂ ಅಲುಗಾಡಿಸುವಂತಿರಲಿಲ್ಲ.

"ಡಬ್ಬಿ ಅಳ್ಳಾಡಿಸಬ್ಯಾಡ," ಎಂದಿದ್ದಳು ಮುಂಜಾನೆ ಅಜ್ಜಿ ಸಿದ್ದಲಿಂಗವ್ವ, ಮುಚ್ಚಳದ ಮೇಲೆ ಬಿಳಿ ಅರಿವೆ ಬಿಗಿಯುತ್ತ. "ಹೆಪ್ಪು ಮಕ್ಕೊಂಡಿರತೈತಿ. ನಟ್ಟನಡಕ ಎಬ್ಬಿಸಿದ್ರ ಸಿಟ್ಟಾಗತೈತಿ, ಸಿಟ್ಟಾದ್ರ ಹುಳಿ ಆಗತೈತಿ. ನಿಮ್ಮಪ್ಪನಂಗ."

"ಜೀಪಿನಾಗ ಅಪ್ಪನ ಕೈಯಾಗ ಕೊಟ್ಟ ಕಳಸಬೇಕಿತ್ತು ಆಯಿ."

"ಗಂಡಸರ ಕೈಯಾಗ ಕೊಡೂದಲ್ಲ ಅದು. ಅತ್ತಿ ಆದಾಕಿನ ಒಯ್ಯಬೇಕು. ನನ್ನ ಮೊಣಕಾಲು ನೆಟ್ಟಗಿದ್ರ ನಾನೂ ಬರತಿದ್ದೆ, ಮೊಮ್ಮಗನ ಮಗಳನ್ನ ನೋಡಾಕ."

ಜೀಪಿಗೆ ಅವಳು ಹತ್ತಿರಲಿಲ್ಲ. ಅಪ್ಪ, ಅಣ್ಣ ಶ್ರೀಶೈಲ, ಓಣಿಯ ನಾಲ್ಕಾರು ಹೆಂಗಸರು ಬಾಡಿಗೆ ಜೀಪಿನಲ್ಲಿ ರಾಮದುರ್ಗಕ್ಕೆ ಹೊರಟಾಗ, ಕಾಲೇಜಿನಲ್ಲಿ ಒಂದು ಕ್ಲಾಸು ಮುಗಿಸಿ ಬಸ್ಸಿಗೆ ಬರುತ್ತೇನೆಂದು ಸುಳ್ಳು ಹೇಳಿದ್ದಳು. "ಬಾರವಾ, ಜಾಗ ಐತಿ, ಹೆಂಗರ ಆಗತೈತಿ," ಎನ್ನುತ್ತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವ ಆ ಒಂದು ಗಳಿಗೆ ಅವಳಿಗೆ ಬೇಡವಾಗಿತ್ತು.

ಇವತ್ತು ಅಣ್ಣನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ. ಹದಿಮೂರನೆಯ ದಿನಕ್ಕೇ ಆಗಬೇಕಿದ್ದದ್ದು ಕೂಸಿಗೆ ಒಂದಿಷ್ಟು ಹುಷಾರಿಲ್ಲವೆಂದಷ್ಟೇ ಹೇಳಿ ಮುಂದೆ ಹಾಕಿದ್ದರು. ಕೂಸಿನ ಕಿವಿಯಲ್ಲಿ ಹೆಸರು ಉಸುರುವವಳು ಸೋದರತ್ತೆ. ಅದು ಎಲ್ಲರ ಮನೆಯಲ್ಲೂ ಉಂಟು. ಆದರೆ ಅವರ ಮನೆಯಲ್ಲಿ ಇನ್ನೂ ಒಂದು ಇತ್ತು. ಹೆಸರಿಟ್ಟ ಮೇಲೆ ಅತ್ತೆಯಾದವಳು ಮನೆಯ ಹೆಪ್ಪಿನ ಒಂದು ಹನಿಯನ್ನು ಬೆರಳ ತುದಿಯಲ್ಲಿ ತೆಗೆದು ಕೂಸಿನ ನಾಲಿಗೆಗೆ ಮುಟ್ಟಿಸಬೇಕು. ಅಲ್ಲಿಗೆ ಕೂಸು ಮನೆಗೆ ಸೇರಿತು ಎಂದು. ಸಿದ್ದಲಿಂಗವ್ವ ಸಂಗೊಳ್ಳಿಯಿಂದ ಲಗ್ನವಾಗಿ ಬರುವಾಗ ತವರಿನ ಗಡಿಗೆಯಿಂದ ತಂದ ಹೆಪ್ಪು ಅದು. ಇವತ್ತಿನ ಮಸರಿನಿಂದ ನಾಳೆಯ ಮಸರು, ನಾಳೆಯದರಿಂದ ನಾಡಿದ್ದಿನದು, ಹೀಗೆ ಮಾವ, ಅತ್ತೆ, ಗಂಡ, ಸೊಸೆ ಎಲ್ಲ ತೀರಿಹೋದರೂ ಹೆಪ್ಪು ತೀರಿರಲಿಲ್ಲ. ಅಪ್ಪನ ನಾಲಿಗೆಗೆ ಅದೇ, ಅಣ್ಣನ ನಾಲಿಗೆಗೆ ಅದೇ, ತನ್ನ ನಾಲಿಗೆಗೂ ಅದೇ.

ಮತ್ತು ತಾನು ಹೀಗಾದೆ. ಆ ಯೋಚನೆ ಬಂದದ್ದೇ ಮುದುಕಿಯ ತಲೆ ಇಟ್ಟಿದ್ದ ತೋಳು ಜೋಮು ಹಿಡಿದಂತಾಯಿತು. ಹೋದ ವಾರ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಭೌತಶಾಸ್ತ್ರದ ಸುಭಾಸ ಸರ್ ಪೇಪರಿನ ಪುರವಣಿಯನ್ನು ಎತ್ತಿ ಹಿಡಿದು, "ಶೈಲಜಾ ಮೇಡಮ್ಮಾರ, ಛಲೋ ಸುದ್ದಿ ಬಂದೈತ್ರಿ! ನಿಮ್ಮ ತಪ್ಪೇನೂ ಇಲ್ಲಂತ. ಎಲ್ಲಾ ಹೊಟ್ಟ್ಯಾಗಿನ ಹುಳದ ಆಟಂತ!" ಎಂದಿದ್ದರು. "ಹುಳ ಅಲ್ರಿ ಸರ, ಬ್ಯಾಕ್ಟೀರಿಯಾ," ಎಂದಳು ಜೀವಶಾಸ್ತ್ರ ಕಲಿಸುವ ಶೈಲಜಾ, ಮತ್ತು ಎಲ್ಲರಿಗಿಂತ ಮೊದಲು ತಾನೇ ನಕ್ಕಳು. ಯಾರೂ ನಗುವ ಮೊದಲು ನಕ್ಕುಬಿಟ್ಟರೆ ಅದು ತನ್ನ ತಮಾಷೆ, ತನ್ನ ಚಾಷ್ಟಿಯೇ ಆಗುತ್ತದೆ, ಬೇರೆಯವರದಲ್ಲ. ಪುರವಣಿಯನ್ನು ಮನೆಗೆ ತಂದು ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಓದಿದಳು. ಮನುಷ್ಯನ ಕರುಳಿನಲ್ಲಿ ಕಣ್ಣಿಗೆ ಕಾಣದ ಜೀವಾಣುಗಳ ದೊಡ್ಡ ಒಕ್ಕಲು ಇದೆ. ನಾವು ಉಂಡದ್ದರಲ್ಲಿ ನಮ್ಮಿಂದ ಕರಗದ್ದನ್ನು ಅವು ಕರಗಿಸಿ ಕೊಡುತ್ತವೆ. ದಪ್ಪ ಇಲಿಯ ಕರುಳಿನ ಜೀವಾಣುಗಳನ್ನು, ಯಾವ ಜೀವಾಣುವೂ ಸೋಕದಂತೆ ಬೆಳೆಸಿದ ಇಲಿಯ ಹೊಟ್ಟೆಗೆ ಹಾಕಿದರೆ ಅದು ಕೊಬ್ಬುತ್ತದೆ. ಸಣ್ಣ ಇಲಿಯವನ್ನು ಹಾಕಿದರೆ, ಅದೇ ಮೇವು ತಿಂದರೂ, ಅಷ್ಟು ಕೊಬ್ಬುವುದಿಲ್ಲ. ದಪ್ಪ ಮನುಷ್ಯರ ಹೊಟ್ಟೆಯಲ್ಲಿಯೂ ಈ ಒಕ್ಕಲಿನ ಪ್ರಮಾಣ ಬೇರೆಯಾಗಿರುವುದು ಕಂಡಿದೆ. ಆದರೆ ಅದೇ ಕಾರಣವೋ, ದಪ್ಪಗಾದದ್ದರ ಫಲವೋ, ಇನ್ನೂ ಗೊತ್ತಾಗಿಲ್ಲ. ಕೊನೆಯ ಆ ಸಾಲನ್ನು ಬಿಟ್ಟು ಉಳಿದದ್ದನ್ನೆಲ್ಲ ಅವಳು ಮತ್ತೆ ಮತ್ತೆ ಓದಿದಳು. ನಲ್ಲಿ ಬಿಟ್ಟುಕೊಂಡು ಅತ್ತಳು. ಎಷ್ಟು ವರ್ಷ! ಒಂದೇ ರೊಟ್ಟಿ ತಿಂದು ಎದ್ದ ರಾತ್ರಿಗಳು, ಎದ್ದ ಮೇಲೂ ಯಾರೂ ನಂಬದ ಹಸಿವು, "ಕದ್ದು ತಿಂತಾಳೇನೋ" ಎಂಬ ಓಣಿಯ ಕಣ್ಣು. ಕಿತ್ತೂರಿನಿಂದ ನೋಡಲು ಬಂದವರು ಚುಮ್ಮರಿ, ಚಹಾ ಮುಗಿಸಿ, "ಹುಡಿಗಿ ಗುಣ ಭಾಳ ಛಲೋ ಐತ್ರಿ," ಎಂದು ಹೇಳಿಹೋಗಿ ಮತ್ತೆ ಬಾರದಿದ್ದದ್ದು. ತಪ್ಪು ನನ್ನದಲ್ಲ, ನನ್ನದಲ್ಲ.

ಆದರೆ ಹಗುರಾದ ಮನಸ್ಸು ಸುಮ್ಮನೆ ಕೂಡ್ರಬೇಕಲ್ಲ. ತನ್ನದಲ್ಲವೆಂದರೆ ಇನ್ನಾರದು? ಆ ಒಕ್ಕಲು ತನ್ನ ಹೊಟ್ಟೆಗೆ ಎಲ್ಲಿಂದ ಬಂತು? ಹೆತ್ತ ತಾಯಿ ಬಾಣಂತನದಲ್ಲೇ ತೀರಿಹೋದಾಗ ಕೂಸಾಗಿದ್ದ ಅವಳು ಮೇಲಿನ ಹಾಲು ಹಿಡಿಯದೆ ಬಾಡುತ್ತಿದ್ದಳಂತೆ. ಹಲ್ಲು ಬರುವ ಮೊದಲೇ ಅಜ್ಜಿ ಜೋಳದ ರೊಟ್ಟಿಯನ್ನು ಮಸರಿನಲ್ಲಿ ನೆನೆಸಿ, ತನ್ನ ಬಾಯಲ್ಲಿ ನುಣ್ಣಗೆ ಅಗಿದು, ಬೆರಳಿನಿಂದ ತೆಗೆದು ತಿನ್ನಿಸಿ ಬದುಕಿಸಿದಳು. "ನನ್ನ ಬಾಯಾಗಿನ ತುತ್ತು ತಿಂದು ಬೆಳದಾಕಿ ನೀ," ಎಂದು ಇವತ್ತಿಗೂ ಹೆಮ್ಮೆಯಿಂದ ಹೇಳುವ ಅಜ್ಜಿಯೂ ಬಾಗಿಲ ತುಂಬ ಬರುವ ಹೆಂಗಸು. ಆ ಬಾಯಿಂದ ಈ ಬಾಯಿಗೆ. ಆ ಗಡಿಗೆಯಿಂದ ಈ ನಾಲಿಗೆಗೆ. ಈಗ ಈ ಡಬ್ಬಿಯಿಂದ ಇನ್ನೊಂದು ನಾಲಿಗೆಗೆ. ಮಸರಿನವು ಬೇರೆ, ಕರುಳಿನವು ಬೇರೆ, ಮಸರಿನವು ಬಂದು ಹೋಗುವ ನೆಂಟರಷ್ಟೇ ಎಂದು ಬೇಕಾದರೆ ಅವಳೇ ಹುಡುಗರ ಮುಂದೆ ಪಾಠ ಮಾಡಬಲ್ಲಳು. ಆದರೆ ಅಂಜಿದ ಮನಸ್ಸು ಯಾರ ಪಾಠವನ್ನೂ ಕೇಳುವುದಿಲ್ಲ, ತನ್ನದನ್ನೂ.

ಅಷ್ಟಕ್ಕೂ ಆ ಕೂಸು ಹುಟ್ಟಿದಾಗಲೇ ಗುರವ್ವ ಅಂದಿದ್ದಳಲ್ಲ. ಗುರವ್ವ ಎಂದರೆ ಅತ್ತಿಗೆ ಶೀತಲಳ ತಾಯಿ. ರಾಮದುರ್ಗದ ದವಾಖಾನೆಯಲ್ಲಿ, ಅರಿವೆಯಲ್ಲಿ ಸುತ್ತಿದ ಕೂಸನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ನಾಕ ಕಿಲೋ ಐತವಾ! ಅತ್ತಿ ಮೈ ಹೊತಗೊಂಡ ಬಂದೈತಿ ನೋಡ್ರಿ!" ಎಂದಿದ್ದಳು. ಹೆಂಗಸರೆಲ್ಲ ನಕ್ಕಿದ್ದರು. ಶೈಲಜಾ ಎಲ್ಲರಿಗಿಂತ ಮೊದಲು. ಆ ಕೂಸಿನ ಕೈ ಮಡಿಕೆ ಮಡಿಕೆಯಾಗಿತ್ತು, ಮಣಿಕಟ್ಟಿಗೆ ಯಾರೋ ದಾರ ಕಟ್ಟಿದಂತೆ. ಎತ್ತಿಕೊಳ್ಳಲು ಕೈ ಚಾಚಿದವಳು ಯಾಕೋ ಬೆರಳು ಮಾತ್ರ ಮುಟ್ಟಿಸಿ ಹಿಂದೆ ಸರಿದಿದ್ದಳು. ನೀನಾದರೂ ನನ್ನಂತಾಗಬೇಡ ಎಂದಿದ್ದಳು ಒಳಗೊಳಗೇ. ನಾಗರಪಂಚಮಿಯ ಜೋಕಾಲಿಯಿಂದ ನಿನ್ನನ್ನು ಯಾರೂ ಇಳಿಸದಿರಲಿ.

ಬೇವಿನ ಮರದ ಜೋಕಾಲಿ ಅದು. "ಏ ಶೈಲಿ, ನೀ ಇಳಿ, ಟೊಂಗಿ ಮುರೀತೈತಿ," ಎಂದು ಹುಡುಗಿಯರು ಕೈ ಹಿಡಿದು ಇಳಿಸಿದಾಗ ಅವಳಿಗೆ ಒಂಬತ್ತೋ ಹತ್ತೋ ವರ್ಷ. ಕೈಯಲ್ಲಿ ಎಳ್ಳುಂಡಿ ಹಿಡಿದು ಅಳುತ್ತ ಬಂದವಳನ್ನು ಅಜ್ಜಿ ಮಡಿಲಿಗೆ ಹಾಕಿಕೊಂಡು, ಅವಳ ಹೊಟ್ಟೆಯ ಮೇಲೆ ಅಂಗೈಯಿಟ್ಟು ಕತೆ ಹೇಳಿದಳು. ಒಂದೂರಾಗ ಒಬ್ಬ ರಾಜನ ಮಗಳಿದ್ದಳು. ಅವಳ ಹೊಟ್ಟೆಯೊಳಗೆ ಒಂದು ಊರಿತ್ತು. ಊರೆಂದರೆ ಊರೇ: ಅಗಸಿ ಬಾಗಿಲು, ಸಂತೆ, ಗಾಣ, ಜಗಳಗಂಟ ಗೌಡ, ಎಲ್ಲ. ರಾಜಕುಮಾರಿ ಒಂದು ತುತ್ತು ಉಂಡರೆ ಊರಿಗೆಲ್ಲ ಹಂಚಿಹೋಗಬೇಕು. ಅವಳಿಗೆ ಹಸಿವಾದಾಗ ಹೊಟ್ಟೆ ಗುರ್ ಎನ್ನುವುದು ಊರ ಮಂದಿ ಚಾವಡಿಯಲ್ಲಿ ಕೂಡಿ ಗದ್ದಲ ಮಾಡುವುದು. ರಾಜನಿಗೆ ಮಗಳು ಬಳುಕುವ ಬಳ್ಳಿಯಾಗಬೇಕಿತ್ತು. ಉಪವಾಸ ಕೆಡವಿದ. ಊರಿಗೆ ಬರ ಬಿದ್ದಿತು. ಒಬ್ಬೊಬ್ಬರೇ ಗಂಟುಮೂಟೆ ಕಟ್ಟಿ ಹೋದರು. ಕೊನೆಗೆ ಒಬ್ಬ ಮುದುಕಿ ಮಾತ್ರ ಉಳಿದಳು. ಎಲ್ಲರೂ ಹೋದರೆ ಒಲೆಯ ಕೆಂಡ ಕಾಯುವವರು ಯಾರು ಎಂದು ಅವಳು ಕೆಂಡದ ಮೇಲೆ ಬೂದಿ ಮುಚ್ಚಿ ಕೂತಳು. "ಆಮ್ಯಾಲ?" ಎಂದು ಶೈಲಜಾ ಕೇಳುವಳು. "ಆಮ್ಯಾಲಿಂದು ನೀ ನಿದ್ದಿ ಹತ್ತಿದ ಮ್ಯಾಲ ಹೇಳತೇನಿ," ಎನ್ನುವಳು ಅಜ್ಜಿ. ಹೇಳಿಯೂ ಇರಬೇಕು. ಅವಳು ಮಾತ್ರ ಎಂದೂ ಕೇಳಲಿಲ್ಲ.

ದೊಡ್ಡವಳಾಗಿ ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗೆ ಒಂದು ದಿನ ಅಜ್ಜಿಯ ಮಸರಿನ ಹನಿಯನ್ನು ಇಟ್ಟು ನೋಡಿದಾಗ ಮೈ ಜುಮ್ಮೆಂದಿತ್ತು. ಕಡ್ಡಿಗಳಂಥವು, ಮಣಿ ಪೋಣಿಸಿದಂಥವು, ಸಂತೆಯ ದಿನದ ಹಾದಿಯಂತೆ ಒಂದರ ಬೆನ್ನಿಗೊಂದು. ಮನೆಗೆ ಬಂದು ಹೇಳಿದಾಗ ಅಜ್ಜಿ ಅಚ್ಚರಿಪಡಲಿಲ್ಲ. "ಜೀವ ಇರಲಾರದ ಹಾಲು ಹೆಂಗ ಕೂಡತೈತವಾ? ಅವಕ್ಕೂ ಹೆಸರ ಇಟ್ಟೀರೇನು ನೀವು?" ಎಂದು ಕೇಳಿದ್ದಳು. ಶೈಲಜಾ ಹೆಸರು ಹೇಳಿದಳು. "ಅಷ್ಟುದ್ದ ಯಾಕ? ತೊಟ್ಟಲಾಗ ಹಾಕಿ ಕರೆಯಾಕ ಬರಬೇಕಲ್ಲ," ಎಂದು ನಕ್ಕಳು.

ಮುದುಕಿ ಸವದತ್ತಿಯಲ್ಲಿ ಕಣ್ಣು ತೆರೆದು, ಸೆರಗಿನಿಂದ ಬಾಯೊರೆಸಿಕೊಂಡು, "ಎಷ್ಟ ದಿನಾ ಆಗಿತ್ತವಾ ಹಿಂತಾ ನಿದ್ದಿ ಹತ್ತಿ. ನಿನ್ನ ಹೊಟ್ಟಿ ತಣ್ಣಗಿರಲಿ," ಎಂದು ಇಳಿದುಹೋದಳು. ರಾಮದುರ್ಗದ ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದ ಕಂಬದ ಬಳಿ ಕೆಂಪು ಹಸಿರು ದೀಪ ಹೊತ್ತಿಸಿಕೊಂಡು ತೂಕದ ಯಂತ್ರ ನಿಂತಿತ್ತು. ಅದನ್ನು ಕಂಡರೆ ಇವತ್ತಿಗೂ ಕಾಲು ತಾನಾಗಿ ಆಚೆ ಬದಿಗೆ ಸರಿಯುತ್ತದೆ. ಚಿಕ್ಕವಳಿದ್ದಾಗ ಎಲ್ಲಮ್ಮನ ಗುಡ್ಡಕ್ಕೆ ಬಂದು ಮರಳುವಾಗ, ಅವಳು ಯಂತ್ರ ಹತ್ತಲು ಅಂಜಿ ನಿಂತದ್ದನ್ನು ನೋಡಿ ಅಜ್ಜಿ ತಾನೂ ಅವಳ ಜೊತೆಗೇ ಹತ್ತಿದ್ದಳು. ಗರ್ರೆಂದು ತಿರುಗಿ ಚೀಟಿ ಬಿತ್ತು. "ಇಬ್ಬರದೂ ಕೂಡೇ ಬಂತು ನೋಡು. ಇದರಾಗ ನಿಂದೆಷ್ಟು ನಂದೆಷ್ಟು ಅಂತ ಯಾವ ಮಷೀನಿಗೂ ತಿಳಿಯೂದಿಲ್ಲ," ಎಂದು ಚೀಟಿಯನ್ನು ಎಲೆ-ಅಡಿಕೆಯ ಸಂಚಿಗೆ ಹಾಕಿಕೊಂಡಿದ್ದಳು. ನಿಂದೆಷ್ಟು, ನಂದೆಷ್ಟು. ಶೈಲಜಾ ಡಬ್ಬಿಯನ್ನು ಎದೆಗೆ ಅವುಚಿಕೊಂಡು ನಿಂತಳು. ಎದುರಿನ ಅಂಗಡಿಯಲ್ಲಿ ಮಸರಿನ ಪ್ಯಾಕೆಟ್ಟುಗಳಿದ್ದವು. ಊರಿಲ್ಲದ, ಯಾರ ಬಾಯಿಂದಲೂ ಬಾರದ ಮಸರು. ಯಾರಿಗೂ ಗೊತ್ತಾಗುವುದಿಲ್ಲ. ಒಂದು ಹನಿಯಷ್ಟೇ ತಾನೆ? ಬೆಳ್ಳಗಿದ್ದರೆ ಆಯಿತು.

ಒಂದು ಪ್ಯಾಕೆಟ್ಟು ಕೊಂಡು ನಿಲ್ದಾಣದ ಹಿಂದಿನ ಬೇವಿನ ಮರದ ಬುಡಕ್ಕೆ ಹೋದಳು. ನಲ್ಲಿಯ ಗಟಾರಕ್ಕೆ ಸುರಿಯಲು ಕೈ ಬರಲಿಲ್ಲ. ಅರಿವೆ ಬಿಚ್ಚಿದಾಗ ಅಜ್ಜಿಯ ಅಡುಗೆಮನೆಯ ವಾಸನೆ ಬಂತು: ಕಾಸಿದ ಹಾಲು, ಬೆರಣಿಯ ಹೊಗೆ, ಒಂದಿಷ್ಟು ಹುಳಿ. ಮಸರು ಗಟ್ಟಿಯಾಗಿ, ಮಲಗಿದ ಹಾಗೆಯೇ ಇತ್ತು. ಬಸ್ಸಿನ ಅಷ್ಟು ಕುಲುಕಾಟದಲ್ಲೂ ಎಚ್ಚರಾಗಿರಲಿಲ್ಲ. "ಸಿಟ್ಟಾಗಬ್ಯಾಡ್ರಿ," ಎಂದಳು, ಯಾರಿಗೆ ಹೇಳಿದಳೋ. ಬೇರಿನ ಪೊಟರೆಯಲ್ಲಿ ಬಿಳಿಯ ಗಡ್ಡೆ ಒಡೆದು ನೀರು ಬಿಟ್ಟುಕೊಂಡಿತು. ಇರುವೆಗಳು ಬರುವುದನ್ನು ನೋಡುತ್ತ ಒಂದು ಗಳಿಗೆ ನಿಂತಳು. ಆಮೇಲೆ ಡಬ್ಬಿಯನ್ನು ನಲ್ಲಿಯಲ್ಲಿ ತೊಳೆದಳು, ತಿಕ್ಕಿ ತಿಕ್ಕಿ ತೊಳೆದಳು, ಪ್ಯಾಕೆಟ್ಟು ಹರಿದು ತುಂಬಿ, ಅಜ್ಜಿ ಕಟ್ಟಿದಂತೆಯೇ ಅರಿವೆ ಕಟ್ಟಿದಳು. ಗಂಟು ಮಾತ್ರ ಅಜ್ಜಿಯ ಗಂಟಿನಂತೆ ಬರಲಿಲ್ಲ.

ರಾಮದುರ್ಗದ ಬಸ್ಸಿನಲ್ಲಿ ಪಕ್ಕದ ಸೀಟು ಕೊನೆಯವರೆಗೂ ಖಾಲಿ ಉಳಿಯಿತು. ಹೀಗಾಗುವುದು ಅವಳಿಗೆ ಹೊಸದಲ್ಲ. ಹತ್ತಿದವರು ಖಾಲಿ ಸೀಟನ್ನು ನೋಡಿ, ಅವಳನ್ನು ನೋಡಿ, ಮುಂದೆ ಹೋಗಿ ನಿಂತುಕೊಳ್ಳುತ್ತಾರೆ. ಡಬ್ಬಿ ಈಗ ತಣ್ಣಗಿತ್ತು. ಅಣೆಕಟ್ಟಿನ ನೀರು ದೂರದಲ್ಲಿ ಬಿಸಿಲಿಗೆ ಹೊಳೆದು ಮರೆಯಾಯಿತು. ಒಳ್ಳೆಯದನ್ನೇ ಮಾಡಿದೆ ಎಂದುಕೊಂಡಳು. ಕೂಸಿಗಾಗಿ. ಹಾಗಿದ್ದರೆ ಅಜ್ಜಿಯ ಮುಖ ಯಾಕೆ ನೆನಪಾಗುತ್ತದೆ? ಬಾಯಲ್ಲಿ ರೊಟ್ಟಿ ಅಗಿಯುತ್ತಿರುವ ಮುಖ, ನುಂಗದೆ, ತನ್ನ ಹಸಿವನ್ನು ತಡೆದು ಇನ್ನೊಬ್ಬರಿಗಾಗಿ ಅಗಿಯುತ್ತಿರುವ ಮುಖ. ಆ ಬಾಯಿಯನ್ನೇ ತಾನು ಬೇವಿನ ಬುಡಕ್ಕೆ ಸುರಿದು ಬಂದೆನೇ? ಪಕ್ಕದ ಖಾಲಿ ಸೀಟಿನ ಮೇಲೆ ಡಬ್ಬಿಯನ್ನಿಟ್ಟಳು. ಮತ್ತೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

ಗುರವ್ವನ ಮನೆಯ ಪಡಸಾಲೆಯಲ್ಲಿ ತೊಟ್ಟಿಲಿಗೆ ಚೆಂಡುಹೂವಿನ ಮಾಲೆ ಹಾಕಿದ್ದರು. ಗಂಡಸರು ಹೊರಗಿನ ಕಟ್ಟೆಯ ಮೇಲೆ. ಒಳಗೆಲ್ಲ ಹೆಂಗಸರು. "ಬಂದ್ಳಪಾ ಅತ್ತಿ! ಕಾದು ಕಾದು ಕೂಸಿಗೆ ಹಲ್ಲು ಬರತಾವು ಅನ್ನೂ ಹೊತ್ತಿಗೆ ಬಂದ್ಳು!" ಎಂದು ಯಾರೋ ಕೂಗಿದರು. ಗುರವ್ವ ಎದ್ದು ಬಂದು ಮೊದಲು ನೋಡಿದ್ದು ಅವಳ ಕೈಯನ್ನು. "ತಂದೀಯಿಲ್ಲೊ ಹೆಪ್ಪು? ಹಾಂ, ತಂದೀ. ನಡಿ, ಕಾಲಿಗೆ ನೀರು ಹಾಕ್ಕೊ," ಎಂದು ಡಬ್ಬಿಯನ್ನು ಎರಡೂ ಕೈಯಿಂದ ಇಸಿದುಕೊಂಡು ದೇವರ ಮಾಡದ ಕೆಳಗಿಟ್ಟಳು. ಈ ಹೆಂಗಸಿಗೆ ತಮ್ಮ ಮನೆಯ ಹೆಪ್ಪಿನ ಮೇಲೆ ಯಾಕಿಷ್ಟು ಆಸೆ ಎಂದು ಶೈಲಜಾಳಿಗೆ ತಿಳಿಯಲಿಲ್ಲ. ಒಳಗಿನ ಕೋಣೆಯಲ್ಲಿ ಶೀತಲ ಕಿವಿಗೆ ಅರಿವೆ ಕಟ್ಟಿಕೊಂಡು ಕುಳಿತಿದ್ದಳು. "ವೈನೀ," ಎಂದು ಬಾಗಿಲಲ್ಲಿ ನಿಂತವಳನ್ನು ನೋಡಿ, "ಬಾ ಶೈಲಾ, ನೋಡು ನಿನ್ನ ಸೊಸೀನ," ಎಂದು ಮಡಿಲನ್ನು ತೋರಿಸಿದಳು.

ಶೈಲಜಾ ನೋಡಿದಳು. ಮಡಿಲಲ್ಲಿ ಇದ್ದದ್ದು ಬೇರೆ ಯಾರದೋ ಕೂಸು. ಮಣಿಕಟ್ಟಿನ ಆ ದಾರದ ಗೆರೆಗಳಿಲ್ಲ. ತೋಳಿನ ಚರ್ಮ ದೊಡ್ಡ ಅಂಗಿ ತೊಡಿಸಿದಂತೆ ಸಡಿಲಾಗಿ ಬಿದ್ದಿತ್ತು. ಮುಖದ ತುಂಬ ಕಣ್ಣೇ. "ಹೊಟ್ಟಿ ನಿಲ್ಲಲಿಲ್ಲ," ಎಂದಳು ಶೀತಲ ಮೆಲ್ಲಗೆ. "ಎಂಟ ದಿನಾ ದವಾಖಾನ್ಯಾಗ ಇದ್ವಿ. ಸೂಜಿ, ಔಷಧಿ. ನಿನ್ನ ಅಣ್ಣಗ ನಾನ ಹೇಳಿದ್ದೆ, ಮನ್ಯಾಗ ಪೂರ್ತಿ ಹೇಳಬ್ಯಾಡ್ರಿ, ಆಯಿ ವಯಸ್ಸಾದ ಜೀವ, ಅಂಜತೈತಿ ಅಂತ. ಈಗ ನಿಂತೈತಿ. ಹಾಲು ಕುಡಿಯಾಕತ್ತೈತಿ. ಮೈ ಹಿಡೀಬೇಕಷ್ಟ ಅಂದಾರ ಡಾಕ್ಟರು." ಶೈಲಜಾ ಕೈ ಚಾಚಿದಳು. ಈ ಸಲ ಬೆರಳಷ್ಟೇ ಅಲ್ಲ, ಎರಡೂ ಕೈ. ತೂಕವೇ ಇಲ್ಲದ ಕೂಸು ಅವಳ ತೋಳಿನ ಮಡಿಕೆಯಲ್ಲಿ ಹುದುಗಿ, ಅಲ್ಲಿಯೇ ಜಾಗ ಮಾಡಿಕೊಂಡು, ಸುಮ್ಮನಾಯಿತು. ಬಸ್ಸಿನ ಮುದುಕಿಯ ತಲೆಯಂತೆ.

ಆಮೇಲಿನದೆಲ್ಲ ಗದ್ದಲದಲ್ಲಿ ನಡೆಯಿತು. ಕೂಸನ್ನು ತೊಟ್ಟಿಲಿಗೆ ಹಾಕಿದರು. ಹಾಡು ಹೇಳಿದರು. ಶೈಲಜಾ ತೊಟ್ಟಿಲ ಮೇಲೆ ಬಾಗಿ, ಕಿವಿಯ ಹತ್ತಿರ ಬಾಯಿ ತಂದು ಅಜ್ಜಿ ಆರಿಸಿಕೊಟ್ಟ ಹೆಸರು ಉಸುರಿದಳು: ನೀಲಾಂಬಿಕಾ. ಉಸುರುವುದೇ ತಡ, ಪದ್ಧತಿಯಂತೆ ಹೆಂಗಸರೆಲ್ಲ ಕೂಡಿ ಅವಳ ಬೆನ್ನ ಮೇಲೆ ಗುದ್ದು ಹಾಕತೊಡಗಿದರು. ಬಳೆಗಳ ಸಪ್ಪಳ, ನಗು. "ಏನ್ ಬೆನ್ನವಾ ಇದು, ಗುದ್ದಿದವರ ಕೈನ ನೋಯತಾವು!" ಎಂದು ಒಬ್ಬಳು ಕೈ ಝಾಡಿಸಿದಳು. ಇನ್ನೊಬ್ಬಳು, "ಹೋದ ವರ್ಷ ನಮ್ಮನಿ ಅತ್ತಿಗೆ ಗುದ್ದಿದ್ರ ಎಲುಬು ಚುಚ್ಚಿದ್ವು. ಇದು ಛಲೋ ಬೆನ್ನು!" ಎಂದಳು. ಶೈಲಜಾ ಮೊದಲು ನಗಲು ಮರೆತಳು. ಎಲ್ಲರೂ ನಕ್ಕ ಮೇಲೆ ಅವಳಿಗೆ ನಗು ಬಂತು, ಅವರ ನಗುವಿನಂಥದೇ ನಗು.

ಆಗ ಗುರವ್ವ ಡಬ್ಬಿ ತಂದು ಅರಿವೆಯ ಗಂಟು ಬಿಚ್ಚಿ ಮುಂದೆ ಹಿಡಿದಳು. "ಮುಟ್ಟಸವಾ."

ಬೆಳ್ಳಗೆ, ನುಣ್ಣಗೆ, ವಾಸನೆಯಿಲ್ಲದೆ ಇತ್ತು. ಶೈಲಜಾ ಬೆರಳನ್ನು ಹತ್ತಿರ ತಂದಳು. ಒಂದು ಹನಿ. ಯಾರಿಗೂ ಗೊತ್ತಾಗುವುದಿಲ್ಲ. ಕೂಸು ಕಣ್ಣು ತೆರೆದು ಅವಳನ್ನೇ ನೋಡುತ್ತಿತ್ತು, ಮುಖದ ತುಂಬ ಕಣ್ಣು ಮಾಡಿಕೊಂಡು.

"ಇದು ಆಯಿ ಹೆಪ್ಪಲ್ರಿ," ಎಂದಳು.

"ಅಂದ್ರ?"

"ಅದನ್ನ ನಾನು ಸವದತ್ತ್ಯಾಗ ಚೆಲ್ಲಿ ಬಂದೇನಿ. ಇದು ಅಂಗಡಿ ಮಸರು."

ಹಾಡುತ್ತಿದ್ದವರು ನಿಲ್ಲಿಸಿದರು. ಗುರವ್ವನ ಮುಖ ಕಪ್ಪಿಟ್ಟಿತು. "ಯಾಕ? ಬಿದ್ದು ಚೆಲ್ಲಿತೇನು?"

"ಇಲ್ರಿ ಅತ್ತಿಯಾರ. ನಾನ ಚೆಲ್ಲಿದೆ."

"ತಲಿ ನೆಟ್ಟಗೈತಿಲ್ಲೊ ನಿಂದು? ಸಣ್ಣ ಕೂಸಿನ ಸಲುವಾಗಿ ತಂದದ್ದನ್ನ ಯಾಕ ಚೆಲ್ಲತಿ ಯವ್ವಾ?"

ಜೀವಾಣು, ಇಲಿ, ಪುರವಣಿ ಎಲ್ಲ ಅವಳ ಗಂಟಲಿನವರೆಗೆ ಬಂದವು. ಪಾಠ ಮಾಡಿದಂತೆ ಒಂದೊಂದಾಗಿ ಹೇಳಬಹುದಿತ್ತು. ಬಾಯಿಂದ ಬಂದದ್ದು ಮಾತ್ರ ಅಷ್ಟೇ: "ಕೂಸು ನನ್ನಂಗ ಆಗಬಾರದಂತ."

ಸ್ವಲ್ಪ ಹೊತ್ತಿನ ಹಿಂದೆ ಬೆನ್ನಿಗೆ ಗುದ್ದಿದ್ದ ಕೈಗಳೆಲ್ಲ ಸೆರಗಿನೊಳಗೆ ಸರಿದವು. ಗುರವ್ವ ಡಬ್ಬಿಯನ್ನು ಕೆಳಗಿಟ್ಟು, ತೊಟ್ಟಿಲ ಹಗ್ಗ ಹಿಡಿದುಕೊಂಡು ನಿಧಾನವಾಗಿ ನೆಲಕ್ಕೆ ಕುಳಿತಳು.

"ಹುಟ್ಟಿದ ದಿನಾ ಅತ್ತಿ ಮೈ ಹೊತಗೊಂಡ ಬಂದೈತಿ ಅಂತ ಅಂದಾಕಿ ನಾನ," ಎಂದಳು, ಯಾರನ್ನೂ ನೋಡದೆ. "ಚಾಷ್ಟಿ ಮಾಡಿದ್ನೊ, ಹೆಚ್ಚಳ ಹೇಳಿಕೊಂಡ್ನೊ, ನಂಗ ಈಗ ನೆನಪಿಲ್ಲ. ಹದಿನೈದ ದಿನದಾಗ ಆ ಮೈ ಎಲ್ಲಾ ನೀರಾಗಿ ಹರದಹೋತು. ನನ್ನ ಬಾಯಿನ ಹತ್ತಿತು ಕೂಸಿಗೆ ಅಂತ ತಿಳಕೊಂಡೆ. ದವಾಖಾನಿ ಕಟ್ಟಿ ಮ್ಯಾಲ ಕುಂತು ಎಂಟ ದಿನಾ ಏನ ಬೇಡಕೊಂಡೆ ಗೊತ್ತೈತೇನು? ಬ್ಯಾರೆ ಏನೂ ಬ್ಯಾಡ, ಆ ಅತ್ತಿ ಮೈನ ತಿರಗಿ ಕೊಡಪಾ ದೇವರ ಅಂತ." ಸೆರಗಿನಿಂದ ಮೂಗೊರೆಸಿಕೊಂಡು, ಸಿಟ್ಟಿನಿಂದ ತಲೆಯೆತ್ತಿದಳು. "ನನ್ನಂಗ ಆಗಬಾರದು ಅಂತೀಯಲ್ಲ, ನಿನ್ನಂಗ ಅಂದ್ರ ಹೆಂಗ? ಹೇಳು ನೋಡೂಣು."

ಶೈಲಜಾ ತೊಟ್ಟಿಲ ಅಂಚಿಗೆ ಕೈಯಿಟ್ಟಳು. ಇಷ್ಟು ವರ್ಷ ಎಲ್ಲರಿಗೂ ಗೊತ್ತಿದ್ದದ್ದು, ತನಗೆ ಎಲ್ಲರಿಗಿಂತ ಮೊದಲು ಗೊತ್ತಿದ್ದದ್ದು, ಹೇಳಹೋದರೆ ಒಂದು ಮಾತಾಗಿಯೂ ಸಿಗಲಿಲ್ಲ.

ಒಳಗಿನಿಂದ ಶೀತಲ, "ಅವ್ವಾ, ಸಾಕ ಮಾಡ. ಹೆಪ್ಪೇನು, ಇನ್ನೊಮ್ಮಿ ತಂದ್ರಾತು. ಆಯಿ ಗಡಿಗಿ ಬತ್ತಿಲ್ಲ," ಎಂದಳು.

ಅಷ್ಟರಲ್ಲಿ ಕೂಸು ಅಳತೊಡಗಿತು. ಸಣ್ಣ ದನಿ, ಆದರೆ ಬಿಡದ ದನಿ. ಶೈಲಜಾ ತನಗೆ ಅರಿವಿಲ್ಲದೆಯೇ ತೊಟ್ಟಿಲೊಳಗೆ ಕೈಯಿಟ್ಟು ಅದರ ಕೆನ್ನೆ ಸವರಿದಳು. ಕೂಸು ಮುಖ ತಿರುಗಿಸಿ, ಬಾಯಿ ತೆರೆದು ಹುಡುಕಿ, ಅವಳ ಬೆರಳನ್ನು ಹಿಡಿದುಕೊಂಡಿತು. ಗಟ್ಟಿಯಾಗಿ, ಬಿಸಿಯಾಗಿ. ಅವಳು ಬೆಚ್ಚಿ ಕೈ ಹಿಂದೆಳೆಯಹೋದಳು. ಬಸ್ಸಿನ ಕಂಬಿ, ನಲ್ಲಿಯ ನೀರು, ಬೇವಿನ ಬುಡದ ಮಣ್ಣು, ತನ್ನ ಮೈ, ಎಲ್ಲ ಇದ್ದ ಬೆರಳು. ತಿಕ್ಕಿ ತೊಳೆದು ಬಂದಿದ್ದ ಡಬ್ಬಿ ಕೆಳಗೆ ಹಾಗೆಯೇ ಬಿದ್ದಿತ್ತು. ಇಲ್ಲಿಯವರೆಗೆ ಬರಬಾರದೆಂದು ಚೆಲ್ಲಿದ್ದು ತನ್ನ ಜೊತೆಗೇ ಬಸ್ಸು ಹತ್ತಿ ಬಂದು ನಿಂತಿತ್ತು. ತನಗೆ ಗೊತ್ತಿಲ್ಲದೆ, ಟಿಕೀಟು ಇಲ್ಲದೆ.

"ನೋಡ್ರಿ ನೋಡ್ರಿ, ಹೆಂಗ ಹಿಡದೈತಿ," ಎಂದಳೊಬ್ಬಳು. "ಇಷ್ಟ ಜೋರಲೇ ಹಾಲೂ ಕುಡದಿರಲಿಲ್ಲಲ್ಲ!"

ಗುರವ್ವ ಕುಳಿತಲ್ಲಿಂದಲೇ ಕತ್ತು ಚಾಚಿ ನೋಡಿದಳು. ಕಣ್ಣು ಇನ್ನೂ ಒದ್ದೆಯಿತ್ತು. "ಬಿಡಿಸಬ್ಯಾಡ," ಎಂದಳು. ಆಮೇಲೆ ಒಂದಿಷ್ಟು ಮೆತ್ತಗೆ, "ಇರಲಿ ಬಿಡವಾ, ಇರಲಿ."

ಶೈಲಜಾ ಬಿಡಿಸಲಿಲ್ಲ. ತೊಟ್ಟಿಲ ಪಕ್ಕ ನೆಲಕ್ಕೆ ಕುಳಿತಳು. ಮೈ ಮಡಚಿಕೊಳ್ಳಲು ಮರೆತು, ಕಾಲು ಚಾಚಿ, ಉಸಿರು ಪೂರ್ತಿ ಬಿಟ್ಟು, ಎಷ್ಟು ಜಾಗ ಬೇಕೋ ಅಷ್ಟು ಹಿಡಿದು ಕುಳಿತಳು. ಹೆಂಗಸರು ಸರಿದು ಕೂತರು, ಮತ್ತೆ ಹಾಡು ಎತ್ತಿದರು. ಬೆರಳಿನಿಂದ ಏನೋ ಸಣ್ಣಗೆ ಜಗ್ಗುತ್ತಿತ್ತು, ದೂರದಿಂದ ನೀರು ಸೇದಿದ ಹಾಗೆ. ತನ್ನಿಂದ ತನ್ನಾಚೆಗೆ, ಬೈಲಹೊಂಗಲದ ಅಡುಗೆಮನೆಯಲ್ಲಿ ಈ ಹೊತ್ತಿಗೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕುಳಿತಿರಬಹುದಾದ ಅಜ್ಜಿಯಾಚೆಗೆ, ಸಂಗೊಳ್ಳಿಯ ಯಾವುದೋ ಗಡಿಗೆಯಾಚೆಗೆ, ಅಲ್ಲಿಂದ ಸೇದುತ್ತಿತ್ತು. ಇದರಲ್ಲಿ ನಿಂದೆಷ್ಟು, ನಂದೆಷ್ಟು. ಬರಿದಾದ ಊರಿನಲ್ಲಿ ಬೂದಿ ಮುಚ್ಚಿದ ಕೆಂಡದ ಮುಂದೆ ಕುಳಿತ ಆ ಮುದುಕಿ ಯಾರಿಗಾಗಿ ಕಾಯುತ್ತಿದ್ದಳೆಂದು ಅವಳಿಗೆ ಈಗ ಗೊತ್ತಾದಂತಿತ್ತು. ನೆರೆಮನೆಯಿಂದ ಯಾರೋ ಬೆಂಕಿ ಕೇಳಿಕೊಂಡು ಬರುತ್ತಾರೆ. ಬಂದೇ ಬರುತ್ತಾರೆ. ಕೊಡಬೇಕಲ್ಲ.

ಜಗ್ಗುವುದು ನಿಧಾನವಾಯಿತು. ಬೆರಳ ಸುತ್ತಲಿನ ತುಟಿ ಸಡಿಲಾದರೂ ಬಿಡಲಿಲ್ಲ. ಶೈಲಜಾ ಬಗ್ಗಿ ನೋಡಿದಳು. ನೀಲಾಂಬಿಕಾಳಿಗೆ ನಿದ್ದೆ ಹತ್ತಿತ್ತು. ಇನ್ನು ಉಳಿದ ಕತೆ ಹೇಳಬಹುದಿತ್ತು.

"ಆಮ್ಯಾಲ ಏನಾತಂದ್ರ," ಎಂದಳು ಅವಳ ಕಿವಿಯಲ್ಲಿ.